ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಕೈಕೊಟ್ಟರೆ

ಗ್ರಾಫಿಕ್ಸ್ ಕಾರ್ಡ್ ಬದಲಿಸಿದ ದಿನವೇ ಕಂಪ್ಯೂಟರ್ ಕೈಕೊಟ್ಟರೆ ಅನುಮಾನ ನೇರವಾಗಿ ಹೊಸ ಕಾರ್ಡಿನ ಮೇಲೆ ಹೋಗುತ್ತದೆ. ‘ಪೀಸೇ ಸರಿಯಿಲ್ಲ’ ಎಂದು ಅಂಗಡಿಗೆ ಒಯ್ದರೆ ಅಲ್ಲಿ ಅದೇ ಕಾರ್ಡ್ ಬೇರೆ ಮಷೀನಿನಲ್ಲಿ ಚೆನ್ನಾಗಿ ಓಡುತ್ತದೆ. ಮನೆಗೆ ತಂದರೆ ಮತ್ತೆ ಅದೇ ಗೋಳು. ಬಹಳಷ್ಟು ಸಲ ಕಾರ್ಡಿನಲ್ಲಿ ದೋಷವೇ ಇರುವುದಿಲ್ಲ. ಐದಾರು ವರ್ಷ ಹಗುರವಾದ ಕೆಲಸ ಮಾಡಿಕೊಂಡಿದ್ದ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆ), ಒಮ್ಮೆಯೂ ಅಪ್‌ಡೇಟ್ ಕಾಣದ ಬಯೋಸ್ (ವಿಂಡೋಸಿಗೂ ಮೊದಲು ಓಡುವ, ಮದರ್‌ಬೋರ್ಡಿನ ಸಾಫ್ಟ್‌ವೇರ್), ಹಳೆ ಡ್ರೈವರಿನ (ವಿಂಡೋಸಿಗೂ ಕಾರ್ಡಿಗೂ ನಡುವಿನ ಸಾಫ್ಟ್‌ವೇರ್) ಉಳಿಕೆಗಳು, ಸಡಿಲವಾದ ಪ್ಲಗ್ಗು ಇವೆಲ್ಲ ಹಳೆಯ ಕಾರ್ಡಿನ ಕಾಲದಲ್ಲಿ ಹೇಗೋ ನಡೆದುಹೋಗುತ್ತಿದ್ದವು. ಹೊಸ ಕಾರ್ಡು ಹೆಚ್ಚು ಕರೆಂಟ್ ಎಳೆಯುತ್ತದೆ, ಹೆಚ್ಚು ವೇಗದಲ್ಲಿ ಮಾತಾಡುತ್ತದೆ, ಹೆಚ್ಚು ಬಿಸಿ ಉಗುಳುತ್ತದೆ. ಅಲ್ಲಿಯವರೆಗೆ ಮರೆಯಲ್ಲಿದ್ದ ಹುಳುಕುಗಳು ಆಗ ಒಂದೇ ಸಲಕ್ಕೆ ಮೇಲೆ ಬರುತ್ತವೆ.

ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ತೊಂದರೆ ಬರುತ್ತಿರುವುದು ಯಾವ ಘಟ್ಟದಲ್ಲಿ? ಬಟನ್ ಒತ್ತಿದ ತಕ್ಷಣವೋ, ವಿಂಡೋಸ್ ಲೋಗೋ ಬಂದ ಮೇಲೋ, ಡ್ರೈವರ್ ಹಾಕುವಾಗಲೋ, ಗೇಮ್ ಶುರುವಾಗಿ ಹತ್ತು ನಿಮಿಷಕ್ಕೋ? ಒಂದೊಂದು ಘಟ್ಟಕ್ಕೂ ಕಾರಣಗಳ ಗುಂಪೇ ಬೇರೆ. ಘಟ್ಟ ತಿಳಿಯದೆ ಡ್ರೈವರ್, ರ‍್ಯಾಮ್, ಬಯೋಸ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ತಿಂಗಳು ಮರಳಿ ಬಂದರೆ ಮತ್ತೆ ಮೊದಲಿಂದ ಶುರು.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಸಾಮಾನ್ಯ ಮಷೀನನ್ನು ಎದುರಿಗಿಟ್ಟುಕೊಳ್ಳೋಣ. ಇಂಟೆಲ್ ಐ5-10400ಎಫ್ ಪ್ರೊಸೆಸರ್, ಜಿಟಿಎಕ್ಸ್ 1650 ಕಾರ್ಡ್, ಕ್ಯಾಬಿನೆಟ್ ಜೊತೆಗೇ ಬಂದ ‘450 ವ್ಯಾಟ್’ ಎಸ್‌ಎಂಪಿಎಸ್, ಟೇಬಲ್ ಕೆಳಗೆ 600 ವಿಎ ಯುಪಿಎಸ್. ನಮ್ಮ ಊರುಗಳಲ್ಲಿ ಇಂಥ ಜೋಡಣೆ ಬೇಕಾದಷ್ಟು ಸಿಗುತ್ತದೆ. ಇದಕ್ಕೀಗ ಆರ್‌ಟಿಎಕ್ಸ್ 3060 ಹಾಕಬೇಕು.

ಹಳೆಯ ಕಾರ್ಡ್ ಇನ್ನೂ ಒಳಗಿರುವಾಗಲೇ ಮುಗಿಸಬೇಕಾದ ಕೆಲಸ ಎರಡಿವೆ. ಮೊದಲನೆಯದು ಬಯೋಸ್ ಅಪ್‌ಡೇಟ್. ಹೊಸ ಕಾರ್ಡ್ ಹಾಕಿದ ಮೇಲೆ ಡಿಸ್‌ಪ್ಲೇಯೇ ಬರದಿದ್ದರೆ ಬಯೋಸ್ ಒಳಗೆ ಹೋಗುವುದಾದರೂ ಹೇಗೆ? ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟ್ ಅಲ್ಲಿ ಬರೀ ಅಲಂಕಾರಕ್ಕೆ. ಎರಡನೆಯದು ಡಿಸ್ಕಿಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ವಿಂಡೋಸಿನ ಬಿಟ್‌ಲಾಕರ್, ಇದನ್ನು ಬಯೋಸ್ ಮುಟ್ಟುವ ಮೊದಲೇ ನೋಡಿಕೊಳ್ಳಬೇಕು. ಬಯೋಸ್ ಅಪ್‌ಡೇಟ್ ಮಾಡಿದರೆ, ಅಲ್ಲಿನ ಸೆಟ್ಟಿಂಗ್ ಬದಲಿಸಿದರೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ವಿಂಡೋಸ್ 11 ಹೋಮ್‌ನಲ್ಲೂ ‘ಡಿವೈಸ್ ಎನ್‌ಕ್ರಿಪ್ಶನ್’ ಎಂಬ ಹೆಸರಲ್ಲಿ ಇದು ಸದ್ದಿಲ್ಲದೆ ಆನ್ ಆಗಿರುವುದುಂಟು. ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀ ಇದೆಯೇ ನೋಡಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬಿಟ್‌ಲಾಕರ್ ಸೆಟ್ಟಿಂಗಿನಲ್ಲಿ ‘ಸಸ್ಪೆಂಡ್’ ಆಯ್ಕೆ ಇದ್ದರೆ ಅದನ್ನು ಒತ್ತಿ, ಆಮೇಲೆ ಮುಂದುವರಿಯಿರಿ.

ಇನ್ನು ಮೊದಲ ಘಟ್ಟ. ಬಟನ್ ಒತ್ತಿದಿರಿ, ಫ್ಯಾನು ತಿರುಗುತ್ತಿದೆ, ಡಿಸ್‌ಪ್ಲೇ ಬರುತ್ತಿಲ್ಲ. ಮಾನಿಟರ್ ಕೇಬಲ್ ಎಲ್ಲಿ ಸಿಕ್ಕಿಸಿದ್ದೀರಿ ನೋಡಿ. ಹಳೆಯ ಅಭ್ಯಾಸದಲ್ಲಿ ಕೈ ಮದರ್‌ಬೋರ್ಡಿನ ಪೋರ್ಟಿಗೇ ಹೋಗುತ್ತದೆ. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇದ್ದರೂ ಕಾರ್ಡ್ ಕಂಡೊಡನೆ ಅನೇಕ ಬೋರ್ಡುಗಳು ಆ ಪೋರ್ಟನ್ನು ತಾವಾಗಿಯೇ ಬಂದ್ ಮಾಡುತ್ತವೆ. ಮಾನಿಟರ್ ಹಳೆಯ ವಿಜಿಎ ಮಾದರಿಯದಾದರೆ ಇನ್ನೊಂದು ತೊಡಕು: ಈಗಿನ ಕಾರ್ಡುಗಳಿಂದ ಅನಲಾಗ್ ಸಿಗ್ನಲ್ ಹೊರಡುವುದೇ ಇಲ್ಲ. ಎರಡು ತುದಿಗೆ ಬೇರೆ ಬೇರೆ ಪ್ಲಗ್ ಬೆಸೆದ ಅಗ್ಗದ ಕೇಬಲ್ ಅಲ್ಲಿ ಕೆಲಸ ಮಾಡದು, ಒಳಗೆ ಚಿಪ್ ಇರುವ ಆ್ಯಕ್ಟಿವ್ ಕನ್ವರ್ಟರೇ ಬೇಕು.

ಕೇಬಲ್ ಸರಿಯಿದ್ದರೆ ಮದರ್‌ಬೋರ್ಡಿನ ಅಂಚಿನಲ್ಲಿರುವ ನಾಲ್ಕು ಪುಟ್ಟ ದೀಪಗಳತ್ತ ಕಣ್ಣು ಹಾಯಿಸಿ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಪಕ್ಕದಲ್ಲೇ ಬರೆದಿರುತ್ತದೆ (ತೀರಾ ಅಗ್ಗದ ಬೋರ್ಡುಗಳಲ್ಲಿ ಇರುವುದಿಲ್ಲ). ವಿಜಿಎ ದೀಪ ಹೊತ್ತಿಕೊಂಡೇ ಇದ್ದರೆ ಕಾರ್ಡ್ ಸರಿಯಾಗಿ ಕೂತಿಲ್ಲ, ಅದಕ್ಕೆ ಪವರ್ ಇಲ್ಲ, ಇಲ್ಲವೇ ಬಯೋಸಿಗೆ ಕಾರ್ಡಿನ ಪರಿಚಯವಿಲ್ಲ. ಡಿರ‍್ಯಾಮ್ ದೀಪವಾದರೆ ಕಾರ್ಡ್ ಹಾಕುವ ಗಡಿಬಿಡಿಯಲ್ಲಿ ರ‍್ಯಾಮ್ ಕಡ್ಡಿಗೆ ಕೈ ತಾಗಿ ಅದು ಕೊಂಚ ಎದ್ದಿರಬಹುದು. ಇದು ಎಣಿಸಿದ್ದಕ್ಕಿಂತ ಹೆಚ್ಚು ಸಲ ಆಗುವಂಥದ್ದು.

ಕಾರ್ಡ್ ಕೂತಿದೆಯೋ ಇಲ್ಲವೋ ಎಂಬುದನ್ನು ಮೇಲಿನಿಂದ ನೋಡಿ ಹೇಳಲಾಗದು. ವಾಲ್ ಸ್ವಿಚ್ ಆಫ್ ಮಾಡಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಬಿಡಿಸಿ, ಕ್ಯಾಬಿನೆಟನ್ನು ಮಗ್ಗುಲಾಗಿ ಮಲಗಿಸಿ. ಸ್ಲಾಟಿನ ಕೊನೆಯ ಕ್ಲಿಪ್ ತೆರೆದು ಕಾರ್ಡ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ನೇರವಾಗಿ ಒತ್ತಿ. ಕ್ಲಿಪ್ ತಾನಾಗಿಯೇ ‘ಟಕ್’ ಎಂದು ಮುಚ್ಚಿಕೊಳ್ಳಬೇಕು. ಆಮೇಲೆ ಹಿಂಬದಿಯ ಸ್ಕ್ರೂ ಬಿಗಿಯುವಾಗ ಕಾರ್ಡಿನ ಇನ್ನೊಂದು ತುದಿ ಮೇಲೇಳುತ್ತಿದೆಯೇ ಗಮನಿಸಿ. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಹಿಂಬದಿಯ ತಗಡು ಒಂದೆರಡು ಮಿಲಿಮೀಟರ್ ಆಚೀಚೆ ಇರುತ್ತದೆ, ಸ್ಕ್ರೂ ಬಿಗಿದಷ್ಟೂ ಕಾರ್ಡು ಸ್ಲಾಟಿನಿಂದ ಮೇಲೆದ್ದು ಬರುತ್ತದೆ. ಹಾಗಾದರೆ ಸ್ಕ್ರೂ ಸಡಿಲಿಸಿ ಬ್ರಾಕೆಟನ್ನು ಮೊದಲು ಸರಿಹೊಂದಿಸಬೇಕು.

ಅಷ್ಟಾದರೂ ಬೆಳಕಿಲ್ಲದಿದ್ದರೆ ಸಿಮೋಸ್ ಕ್ಲಿಯರ್ ಮಾಡಿ, ಅಂದರೆ ಬಯೋಸ್ ಸೆಟ್ಟಿಂಗುಗಳನ್ನು ಮೊದಲಿನ ಸ್ಥಿತಿಗೆ ತನ್ನಿ. ವಾಲ್ ಸ್ವಿಚ್ ಆಫ್ ಮಾಡಿ, ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಸಾಕು. ಡಿಡಿಆರ್5 ರ‍್ಯಾಮ್ ಇರುವ ಮಷೀನಾದರೆ ಇದರ ನಂತರದ ಮೊದಲ ಬೂಟ್ ಕೆಲವು ನಿಮಿಷ ತೆಗೆದುಕೊಳ್ಳಬಹುದು, ಕಪ್ಪು ಪರದೆ ನೋಡಿ ಗಾಬರಿಯಾಗಿ ಸ್ವಿಚ್ ಆರಿಸಬೇಡಿ.

ಎರಡನೆಯ ಘಟ್ಟದಲ್ಲಿ ಬಯೋಸ್ ಕಾಣುತ್ತದೆ, ವಿಂಡೋಸ್ ಮಾತ್ರ ಏಳುವುದಿಲ್ಲ. ಇದಕ್ಕೆ ಕಾರಣ ಸಾಮಾನ್ಯವಾಗಿ ಸಿಎಸ್‌ಎಂ. ಹಳೆಯ ಕಾಲದ ಬೂಟ್ ವಿಧಾನವನ್ನು ಉಳಿಸಿಕೊಳ್ಳುವ ಈ ಆಯ್ಕೆಯನ್ನು ಹೊಸ ಕಾರ್ಡಿಗಾಗಿ, ಅಥವಾ ರೀಸೈಸಬಲ್ ಬಾರ್ (ಪ್ರೊಸೆಸರು ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಮ್ಮೆಗೇ ತಲುಪುವ ಸೌಲಭ್ಯ) ಬೇಕೆಂದು, ಬಂದ್ ಮಾಡಿರುತ್ತೀರಿ. ಆದರೆ ವಿಂಡೋಸ್ ಇರುವ ಡಿಸ್ಕ್ ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಿದ್ದರೆ ಸಿಎಸ್‌ಎಂ ಇಲ್ಲದೆ ಅದು ಬೂಟ್ ಆಗದು. ಫಾರ್ಮ್ಯಾಟ್ ಮಾಡಬೇಕಿಲ್ಲ. ಸಿಎಸ್‌ಎಂ ಮತ್ತೆ ಆನ್ ಮಾಡಿ ವಿಂಡೋಸ್ ಒಳಗೆ ಹೋಗಿ, ಬ್ಯಾಕಪ್ ಮಾಡಿಕೊಂಡು, ಡಿಸ್ಕನ್ನು ಹೊಸ ಜಿಪಿಟಿ ಮಾದರಿಗೆ ಬದಲಿಸುವ, ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ (mbr2gpt) ಸಾಧನವನ್ನು ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ ಮೊದಲು ‘ವ್ಯಾಲಿಡೇಟ್’, ಆಮೇಲೆ ‘ಕನ್ವರ್ಟ್’ ಆಯ್ಕೆಯೊಂದಿಗೆ ಓಡಿಸಿ. ಎರಡೂ ಸಲ ‘ಅಲೌಫುಲ್‌ಓಎಸ್’ (/allowFullOS) ಸೇರಿಸಬೇಕು, ಇಲ್ಲದಿದ್ದರೆ ಓಡುತ್ತಿರುವ ವಿಂಡೋಸ್ ಒಳಗಿಂದ ಅದು ಕೆಲಸ ಮಾಡುವುದಿಲ್ಲ. ಪರಿವರ್ತನೆ ಮುಗಿದ ಮೇಲೆ ಬಯೋಸಿನಲ್ಲಿ ಸಿಎಸ್‌ಎಂ ಬಂದ್ ಮಾಡಿದರೆ ಆಯಿತು. ಇಂಟೆಲ್ ಆರ್ಕ್ ಕಾರ್ಡ್ ಕೊಂಡವರು ಈ ಕೆಲಸವನ್ನು ಮುಂದೂಡಲೇಬಾರದು. ರೀಸೈಸಬಲ್ ಬಾರ್ ಇಲ್ಲದಿದ್ದರೆ ಆ ಕಾರ್ಡುಗಳ ವೇಗ ಬಹಳ ಕುಸಿಯುತ್ತದೆ.

ಡ್ರೈವರ್ ವಿಷಯಕ್ಕೆ ಜನ ಕೊಡುವ ಮಹತ್ವ ನನಗೆ ಸ್ವಲ್ಪ ಅತಿ ಎನಿಸುತ್ತದೆ. ಎನ್‌ವಿಡಿಯಾ ಕಂಪನಿಯ ಒಂದು ಕಾರ್ಡಿನಿಂದ ಅದರದೇ ಇನ್ನೊಂದಕ್ಕೆ ಹೋಗುವಾಗ ಹೊಸ ಡ್ರೈವರನ್ನು ‘ಕ್ಲೀನ್ ಇನ್‌ಸ್ಟಾಲ್’ ಆಯ್ಕೆಯೊಂದಿಗೆ ಹಾಕಿದರೆ ಸಾಮಾನ್ಯವಾಗಿ ಸಾಕು. ಎಎಂಡಿಯಿಂದ ಎನ್‌ವಿಡಿಯಾಗೆ ಅಥವಾ ಅದರ ಉಲ್ಟಾ ಹೋಗುವಾಗ, ಇಲ್ಲವೇ ಡೆಸ್ಕ್‌ಟಾಪ್ ಬಂದ ಕೂಡಲೇ ಪರದೆ ಕಪ್ಪಾಗುತ್ತಿದ್ದರೆ, ಹಳೆಯ ಡ್ರೈವರನ್ನು ಬೇರುಸಹಿತ ಅಳಿಸುವ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಎಂಬ ಪ್ರೋಗ್ರಾಂ ಬಳಸಿ. ಕ್ರಮ ಮುಖ್ಯ: ಹೊಸ ಡ್ರೈವರನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟು, ಇಂಟರ್ನೆಟ್ ತೆಗೆದು, ಸೇಫ್ ಮೋಡ್‌ಗೆ ಹೋಗಿ ಡಿಡಿಯು ಓಡಿಸಿ, ಮರಳಿ ಬಂದು ಡ್ರೈವರ್ ಹಾಕಿ, ಕೊನೆಗೆ ಇಂಟರ್ನೆಟ್ ಜೋಡಿಸಿ. ಇಂಟರ್ನೆಟ್ ತೆಗೆಯದಿದ್ದರೆ ನೀವು ಅಳಿಸಿದ ಬೆನ್ನಲ್ಲೇ ವಿಂಡೋಸ್ ಅಪ್‌ಡೇಟ್ ತನ್ನದೊಂದು ಡ್ರೈವರ್ ತಂದು ಕೂರಿಸುತ್ತದೆ, ಎರಡು ಇನ್‌ಸ್ಟಾಲೇಶನ್ ಒಂದರ ಮೇಲೊಂದು ಬಿದ್ದು ಕೆಲಸ ಕೆಡುತ್ತದೆ.

ಡಿವೈಸ್ ಮ್ಯಾನೇಜರಿನಲ್ಲಿ ‘ಕೋಡ್ 43’ (ತೊಂದರೆಯಿಂದಾಗಿ ವಿಂಡೋಸ್ ಕಾರ್ಡನ್ನು ನಿಲ್ಲಿಸಿದೆ ಎಂಬ ಸೂಚನೆ) ಕಂಡರೆ ಅದು ಡ್ರೈವರಿನಿಂದಲೂ ಇರಬಹುದು, ಕಾರ್ಡಿನಿಂದಲೂ ಇರಬಹುದು. ಡಿಡಿಯು ನಂತರವೂ ಉಳಿದರೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕಾರ್ಡಾದರೆ, ಕಾರ್ಡಿನ ವಿವರ ತೋರಿಸುವ ಜಿಪಿಯು-ಜೆಡ್ ಪ್ರೋಗ್ರಾಂ ತೆರೆದು ನೋಡಿ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಡಿಜಿಟಲ್ ಹಣದ ಮೈನಿಂಗ್ (ಕಾರ್ಡುಗಳಿಂದ ಲೆಕ್ಕ ಮಾಡಿಸಿ ಆ ಹಣ ಗಳಿಸುವುದು) ನಿಂತಮೇಲೆ ಗಣಿಗಾರಿಕೆಗೆ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಕಾರ್ಡ್ ಹುಡುಕುವವರೂ ಇದನ್ನು ನೆನಪಿಟ್ಟಿರಬೇಕು. ಆರ್‌ಎಕ್ಸ್ 570, 580ರಂಥ ಕಾರ್ಡುಗಳಲ್ಲಿ ಮೈನಿಂಗಿಗಾಗಿ ಕಾರ್ಡಿನ ಬಯೋಸನ್ನೇ ತಿದ್ದಿರುತ್ತಾರೆ, ಅಂಥದ್ದನ್ನು ಡ್ರೈವರ್ ಒಪ್ಪುವುದಿಲ್ಲ. ಮೂಲ ಬಯೋಸ್ ಮರಳಿ ಹಾಕಿದರೆ ಕಾರ್ಡ್ ಸರಿಹೋಗುವುದುಂಟು. ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದ ನಕಲಿ ಎನ್‌ವಿಡಿಯಾ ಕಾರ್ಡುಗಳೂ ಇವೆ, ಜಿಪಿಯು-ಜೆಡ್ ಅವುಗಳ ಹೆಸರಿನ ಮೊದಲಿಗೇ ‘ಫೇಕ್’ ಎಂದು ತೋರಿಸುತ್ತದೆ.

ಈಗ ಅಸಲು ವಿಷಯ. ಡೆಸ್ಕ್‌ಟಾಪ್ ಚೆನ್ನಾಗಿದೆ, ಯೂಟ್ಯೂಬ್ ಓಡುತ್ತದೆ, ಗೇಮ್ ತೆರೆದರೆ ಮಾತ್ರ ಮಷೀನು ಕೈಬಿಡುತ್ತದೆ. ಇಲ್ಲಿ ಹೇಗೆ ಕೈಬಿಟ್ಟಿತು ಎನ್ನುವುದನ್ನು ಸೂಕ್ಷ್ಮವಾಗಿ ಗಮನಿಸಬೇಕು. ಪ್ಲಗ್ ಕಿತ್ತಂತೆ ಒಮ್ಮೆಲೇ ಎಲ್ಲ ಆರಿ ತಾನಾಗಿ ರೀಸ್ಟಾರ್ಟ್ ಆದರೆ ಅದು ಪವರ್ ಸಮಸ್ಯೆ. ವಿಂಡೋಸಿನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರಿನಲ್ಲಿ ‘ಕರ್ನಲ್-ಪವರ್ 41’ ಇರುತ್ತದೆ, ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಇರುತ್ತದೆ. ಅಂದರೆ ವಿಂಡೋಸಿಗೆ ಏನಾಯಿತೆಂದು ಬರೆದಿಡಲೂ ಪುರುಸೊತ್ತು ಸಿಗಲಿಲ್ಲ. ಪರದೆ ಎರಡು-ಮೂರು ಸೆಕೆಂಡ್ ಕಪ್ಪಾಗಿ ಮತ್ತೆ ಬಂದು ಗೇಮ್ ಮಾತ್ರ ಮುಚ್ಚಿಕೊಂಡರೆ ‘ಡಿಸ್‌ಪ್ಲೇ 4101’ ದಾಖಲಾಗಿರುತ್ತದೆ. ಕಾರ್ಡು ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಎಬ್ಬಿಸಿ ಕೂರಿಸುತ್ತದೆ, ಇದು ಅದರ ಗುರುತು. ಕಾರಣ ಡ್ರೈವರ್, ಕಾರ್ಖಾನೆಯಲ್ಲೇ ಏರಿಸಿದ ಕ್ಲಾಕ್ (ಚಿಪ್ಪಿನ ವೇಗ) ಅಥವಾ ಮೆಮೊರಿ ಇರಬಹುದು. ಪರದೆ ಕಪ್ಪಾಗಿ ಕಾರ್ಡಿನ ಫ್ಯಾನುಗಳು ಮಾತ್ರ ಪೂರ್ತಿ ವೇಗದಲ್ಲಿ ಬೊಬ್ಬಿಡುತ್ತಿದ್ದರೆ ಕಾರ್ಡಿಗೆ ಹೋಗುವ ಕನೆಕ್ಟರ್ ಅಥವಾ ಕಾರ್ಡಿನ ಬಿಸಿ ನೋಡಬೇಕು.

ಮೊದಲು ಒಮ್ಮೆಲೇ ಆರಿಹೋಗುವುದನ್ನೇ ಹಿಡಿಯೋಣ. ಜಿಟಿಎಕ್ಸ್ 1650 ಬಳಸುವುದು 75 ವ್ಯಾಟ್, ಅದು ಸ್ಲಾಟಿನಿಂದಲೇ ಸಿಗುತ್ತದೆ. ಆರ್‌ಟಿಎಕ್ಸ್ 3060ಕ್ಕೆ 170 ವ್ಯಾಟ್ ಬೇಕು, ಎನ್‌ವಿಡಿಯಾ ಹೇಳುವ ಕನಿಷ್ಠ ಎಸ್‌ಎಂಪಿಎಸ್ 550 ವ್ಯಾಟ್. ‘ನನ್ನ ಹತ್ತಿರ 450 ಇದೆ, ಲೆಕ್ಕ ಹಾಕಿದರೆ 350 ದಾಟುವುದಿಲ್ಲ’ ಎನ್ನುವವರು ಎಸ್‌ಎಂಪಿಎಸ್ ಮೈಮೇಲಿನ ಲೇಬಲ್ ಓದಬೇಕು. ದೊಡ್ಡಕ್ಷರದ 450 ಬಿಟ್ಟುಬಿಡಿ. ಕೋಷ್ಟಕದಲ್ಲಿ +12ವಿ ಎಂಬ ಕಾಲಮ್ ಹುಡುಕಿ, ಅದರಡಿಯ ಆಂಪಿಯರ್ ನೋಡಿ. ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್‌ನಲ್ಲಿ 18 ಆಂಪಿಯರ್ ಎಂದಿದ್ದರೆ 12 ಗುಣಿಲೆ 18, ಬರೀ 216 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕುವುದು ಈ 12 ವೋಲ್ಟಿನ ಮೇಲೆಯೇ, ಮಿಕ್ಕ 3.3 ಮತ್ತು 5 ವೋಲ್ಟಿನ ವ್ಯಾಟುಗಳು ಲೇಬಲ್ ತುಂಬಿಸುತ್ತವೆಯೇ ಹೊರತು ಗೇಮಿಗೆ ಬರುವುದಿಲ್ಲ. 12ವಿ1, 12ವಿ2 ಎಂದು ಎರಡು ಕಾಲಮ್ ಇದ್ದರೆ ಎರಡರ ಆಂಪಿಯರ್ ಕೂಡಿಸಬೇಡಿ, ಕೆಳಗೆ ಒಟ್ಟು ವ್ಯಾಟ್ ಬೇರೆಯಾಗಿ ಬರೆದಿರುತ್ತದೆ. ಐ5-10400ಎಫ್ ಹೆಸರಿಗೆ 65 ವ್ಯಾಟಿನದಾದರೂ ಅದರ ಟರ್ಬೋ (ಸ್ವಲ್ಪ ಹೊತ್ತು ಹೆಚ್ಚಿನ ವೇಗದಲ್ಲಿ ಓಡುವಾಗಿನ) ಮಿತಿ 134 ವ್ಯಾಟ್. ಅದಕ್ಕೆ 170 ಸೇರಿಸಿದರೆ 216 ಎಲ್ಲಿಯ ಮಾತು?

ಲೆಕ್ಕ ಸರಿಹೊಂದಿದರೂ ಕ್ಷಣಿಕ ಏರಿಕೆಯ ಪ್ರಶ್ನೆ ಉಳಿಯುತ್ತದೆ. 170 ವ್ಯಾಟ್ ಎನ್ನುವುದು ಸರಾಸರಿ. ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತಿಗೆ ಕಾರ್ಡು ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತದೆ. ಎಸ್‌ಎಂಪಿಎಸ್ ಒಳಗಿನ ರಕ್ಷಣಾ ಸರ್ಕ್ಯೂಟ್ ಇದನ್ನು ಶಾರ್ಟ್ ಎಂದು ಭಾವಿಸಿ ಎಲ್ಲವನ್ನೂ ಕಡಿದುಹಾಕುತ್ತದೆ. ಮಲ್ಟಿಮೀಟರ್ ಹಿಡಿದು 12.1 ವೋಲ್ಟ್ ಬರುತ್ತಿದೆ ಎಂದು ಸಮಾಧಾನಪಟ್ಟರೆ ಪ್ರಯೋಜನವಿಲ್ಲ, ಅಷ್ಟು ಚಿಕ್ಕ ಏರಿಳಿತ ಅದರ ಕಣ್ಣಿಗೆ ಬೀಳುವುದೇ ಇಲ್ಲ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಇದಕ್ಕಾಗಿಯೇ 450 ವ್ಯಾಟ್ ಮೀರಿದ ಎಸ್‌ಎಂಪಿಎಸ್ ತನ್ನ ಒಟ್ಟು ಶಕ್ತಿಯ ಎರಡು ಪಟ್ಟನ್ನು 100 ಮೈಕ್ರೊಸೆಕೆಂಡ್ ತಡೆದುಕೊಳ್ಳಬೇಕೆಂದು ಹೇಳಿತು. ‘80 ಪ್ಲಸ್’ ಮುದ್ರೆ ಹೇಳುವುದು ವಿದ್ಯುತ್ ಎಷ್ಟು ಪೋಲಾಗುವುದಿಲ್ಲ ಎಂಬುದನ್ನು ಮಾತ್ರ, ಈ ತಾಳಿಕೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಎಸ್‌ಎಂಪಿಎಸ್ ಕೊಳ್ಳುವ ಮುನ್ನ ಅನುಮಾನ ಪರೀಕ್ಷಿಸಲು ಖರ್ಚಿಲ್ಲದ ದಾರಿಯಿದೆ. ಕಾರ್ಡಿನ ಮಿತಿಗಳನ್ನು ಬದಲಿಸುವ ಆಫ್ಟರ್‌ಬರ್ನರ್ ಪ್ರೋಗ್ರಾಂ ತೆರೆದು ಪವರ್ ಲಿಮಿಟನ್ನು 70 ಶೇಕಡಾಕ್ಕೆ ಇಳಿಸಿ ಅದೇ ಗೇಮ್ ಆಡಿ. ಆರುವುದು ನಿಂತರೆ ಪವರ್ ಅಥವಾ ಬಿಸಿ ಕಾರಣವಾಗಿರುವ ಸಾಧ್ಯತೆ ಹೆಚ್ಚು. ನಿಲ್ಲದಿದ್ದರೆ ಲಿಮಿಟ್ ಮೊದಲಿನಂತೆ ಮಾಡಿ ಕೋರ್ ಕ್ಲಾಕ್ 50 ಮೆಗಾಹರ್ಟ್ಸ್ ಇಳಿಸಿ ನೋಡಿ. ಆಗ ನಿಂತರೆ ಕಾರ್ಡಿನ ಕ್ಲಾಕ್ ಅದಕ್ಕೇ ಭಾರವಾಗಿದೆ ಎಂದರ್ಥ, ವಾರಂಟಿಗೆ ಒಯ್ಯಬಹುದು.

ಕೇಬಲ್ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ. ಎಸ್‌ಎಂಪಿಎಸ್‌ನಲ್ಲಿ 8 ಪಿನ್ ಪಿಸಿಐಇ (ಗ್ರಾಫಿಕ್ಸ್ ಕಾರ್ಡಿಗೆ ಪವರ್ ಕೊಡುವ) ಕೇಬಲ್ ಇಲ್ಲದಿದ್ದಾಗ ಸಾಟಾದಿಂದ (ಹಾರ್ಡ್ ಡಿಸ್ಕಿಗೆ ಪವರ್ ಕೊಡುವ ಪ್ಲಗ್ಗಿನಿಂದ) 8 ಪಿನ್ನಿಗೆ ಬದಲಿಸುವ ಅಡಾಪ್ಟರ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಸಾಟಾ ಪ್ಲಗ್ಗಿನ 12 ವೋಲ್ಟ್ ಪಿನ್ನುಗಳು ಮೂರು, ಒಂದೊಂದಕ್ಕೆ 1.5 ಆಂಪಿಯರ್ ಮಿತಿ, ಒಟ್ಟು 54 ವ್ಯಾಟ್. 8 ಪಿನ್ ಕನೆಕ್ಟರ್ ಕೇಳಬಹುದಾದದ್ದು 150 ವ್ಯಾಟ್. ಪ್ಲಾಸ್ಟಿಕ್ ಕರಗುವುದು ಇಲ್ಲಿಯೇ, ಬೆಂಕಿಯ ಅಪಾಯವೂ ಇಲ್ಲಿಯೇ. ಆ ಕೇಬಲ್ ಇಲ್ಲದ ಎಸ್‌ಎಂಪಿಎಸ್ ಈ ಕಾರ್ಡಿಗಾಗಿ ಮಾಡಿದ್ದಲ್ಲ ಎಂದು ತಿಳಿದು ಬದಲಿಸಿ. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್ ಕೊಂಡರೆ ಹಳೆಯ ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಅದಕ್ಕೆ ಸಿಕ್ಕಿಸಲೇಬೇಡಿ. ಕಾರ್ಡಿನ ಕಡೆಯ ಪಿನ್ ಜೋಡಣೆ ಎಲ್ಲರದೂ ಒಂದೇ, ಎಸ್‌ಎಂಪಿಎಸ್ ಕಡೆಯದು ಕಂಪನಿಗೊಂದು ಥರ. ಪ್ಲಗ್ ಸರಾಗವಾಗಿ ಕೂರುತ್ತದೆ, 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗುತ್ತದೆ, ಹಾರ್ಡ್ ಡಿಸ್ಕ್ ಸುಟ್ಟುಹೋಗುತ್ತದೆ. ಪ್ರೊಸೆಸರಿನ 4+4 ಪಿನ್ನನ್ನು ಕಾರ್ಡಿನ 6+2 ಜಾಗಕ್ಕೆ ಒತ್ತಾಯದಿಂದ ತುರುಕುವವರಿದ್ದಾರೆ, ಅವೆರಡರ ಧ್ರುವತೆಯೇ ತದ್ವಿರುದ್ಧ.

ದೊಡ್ಡ ಕಾರ್ಡುಗಳ 16 ಪಿನ್ ಕನೆಕ್ಟರ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 2022ರ ಅಕ್ಟೋಬರಿನಲ್ಲಿ ಆರ್‌ಟಿಎಕ್ಸ್ 4090 ಬಂದ ಕೆಲವೇ ವಾರಗಳಲ್ಲಿ ಇದು ಕರಗಿದ ಚಿತ್ರಗಳು ಹರಿದಾಡಿದವು. ಪೂರ್ತಿ ಒಳಗೆ ಹೋಗದ ಪ್ಲಗ್ ಅದಕ್ಕೆ ಒಂದು ಮುಖ್ಯ ಕಾರಣವೆಂದು ಕಂಡುಬಂತು. ಪ್ಲಗ್ ಕೂತಿದೆಯೇ ಎಂದು ಕಾರ್ಡಿಗೆ ತಿಳಿಸುವ ಸೆನ್ಸ್ ಪಿನ್ನುಗಳನ್ನು ಗಿಡ್ಡಗೊಳಿಸಿದ 12ವಿ-2×6 ಎಂಬ ತಿದ್ದಿದ ರೂಪ ಬಂದಿದ್ದು ಅದಕ್ಕೇ: ಪ್ಲಗ್ ಅರೆಬರೆ ಕೂತರೆ ಕಾರ್ಡು ಪವರ್ ತೆಗೆದುಕೊಳ್ಳಲೇಬಾರದು ಎಂಬ ಉದ್ದೇಶ. ಆದರೂ ಕಣ್ಣಿನ ಪರೀಕ್ಷೆ ಬಿಡಬೇಡಿ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಂದು ಕಾಣಬಾರದು. ಪ್ಲಗ್ಗಿನ ಬುಡದಿಂದ ಸುಮಾರು 35 ಮಿಲಿಮೀಟರ್ ದೂರ ತಂತಿ ನೇರವಾಗಿ ಬಂದು ಆಮೇಲೆ ಬಾಗಲಿ. ಕ್ಯಾಬಿನೆಟ್ಟಿನ ಗಾಜಿನ ಬಾಗಿಲು ಕೇಬಲನ್ನು ಒತ್ತುತ್ತಿದ್ದರೆ ಬಾಗಿಲು ತೆಗೆದಿಟ್ಟು ಬಳಸುವುದೇ ಮೇಲು.

ಯುಪಿಎಸ್ ಮರೆಯಬೇಡಿ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್, ಅದರಲ್ಲೇ ಮಾನಿಟರೂ ಸೇರಿತು. ಹಳೆಯ ಕಾರ್ಡಿನ ಕಾಲದಲ್ಲಿ ಕರೆಂಟ್ ಹೋದರೆ ಹತ್ತು ನಿಮಿಷ ನಿಲ್ಲುತ್ತಿದ್ದುದು ಈಗ ಗೇಮ್ ನಡುವೆ ಹೋದರೆ ಅದೇ ಕ್ಷಣ ಆರುತ್ತದೆ. ಎಸ್‌ಎಂಪಿಎಸ್ ಕೆಟ್ಟಿದೆ ಎಂದುಕೊಳ್ಳುವ ಮೊದಲು ಒಂದು ದಿನ ಅರ್ಥಿಂಗ್ ಇರುವ ಗೋಡೆಯ ಸಾಕೆಟ್ಟಿಗೆ ನೇರ ಜೋಡಿಸಿ ನೋಡಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಲೈನಿನ ಅರ್ಧದಷ್ಟು ವೋಲ್ಟೇಜು ತಗಡಿನ ಮೇಲೆ ನಿಂತಿರುತ್ತದೆ. ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ ತೆಗೆದರೆ ಹೊಸ ಕಾರ್ಡಿನ ಪೋರ್ಟೇ ಹೋಗಬಹುದು.

ಬಿಸಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹೊರಗೆ 40 ಡಿಗ್ರಿ ಇರುವ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಾರ್ಡ್ 80ರ ಆಸುಪಾಸಿಗೆ ಬಂದರೆ ಆತಂಕ ಬೇಡ. ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿಯಾದ ಜಾಗ) 105 ದಾಟಿ, ಕೋರಿಗೂ ಅದಕ್ಕೂ 25-30 ಡಿಗ್ರಿ ಅಂತರವಿದ್ದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ ಅಥವಾ ಪೇಸ್ಟ್ ಒಣಗಿದೆ. ಕ್ಯಾಬಿನೆಟ್ ಬಾಗಿಲು ತೆಗೆದಾಗ ತಾಪಮಾನ ಹತ್ತು ಡಿಗ್ರಿ ಇಳಿದರೆ ಕಾರ್ಡಿನ ತಪ್ಪಿಲ್ಲ, ಗಾಳಿ ಒಳಗೆ ಬರುವ ದಾರಿಯಿಲ್ಲ.

ಕೊನೆಯ ಬಗೆಯ ದೂರು: ಎಲ್ಲ ಸರಿಯಿದೆ, ವೇಗ ಮಾತ್ರ ಬರುತ್ತಿಲ್ಲ. ಜಿಪಿಯು-ಜೆಡ್‌ನಲ್ಲಿ ‘ಬಸ್ ಇಂಟರ್‌ಫೇಸ್’ (ಕಾರ್ಡು ಮತ್ತು ಮದರ್‌ಬೋರ್ಡಿನ ನಡುವಿನ ಸಂಪರ್ಕ) ನೋಡಿ. ಸುಮ್ಮನಿರುವಾಗ 1.1 ಎಂದು ತೋರಿಸುವುದು ಸಹಜ, ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಪರೀಕ್ಷೆ ಓಡಿಸಿದಾಗ ನಿಜವಾದ ವೇಗ ಕಾಣುತ್ತದೆ. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600 ಹುಟ್ಟಾ ಎಂಟು ಲೇನಿನವು (ಆ ಸಂಪರ್ಕದ ಒಂದೊಂದು ದಾರಿಯೂ ಒಂದು ಲೇನ್), ‘ಎಕ್ಸ್8’ ನೋಡಿ ಹೆದರಬೇಡಿ. 3060 ‘ಎಕ್ಸ್4’ ತೋರಿಸಿದರೆ ಕಾರ್ಡನ್ನು ಕೆಳಗಿನ ಸ್ಲಾಟಿನಲ್ಲಿ ಹಾಕಿರಬಹುದು. ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇರುವುದೇ ನಾಲ್ಕು ಲೇನ್, ಹಳೆಯ ಪಿಸಿಐಇ 3.0 ಬೋರ್ಡಿನಲ್ಲಿ ಅದು ಸೊರಗುತ್ತದೆ, ರಿಪೇರಿ ಇಲ್ಲ. ಸ್ಲಾಟಿನಿಂದ ಕಾರ್ಡಿಗೆ ಹೋಗುವ ರೈಸರ್ ಕೇಬಲ್ ಬಳಸಿ ಕಾರ್ಡನ್ನು ನೆಟ್ಟಗೆ ನಿಲ್ಲಿಸಿದವರ ಈವೆಂಟ್ ವ್ಯೂವರಿನಲ್ಲಿ ‘ವ್ಹೀಯಾ 17’ (WHEA, ಹಾರ್ಡ್‌ವೇರ್ ದೋಷದ ದಾಖಲೆ) ಸಾಲುಸಾಲಾಗಿ ಇದ್ದರೆ ಬಯೋಸಿನಲ್ಲಿ ಸ್ಲಾಟನ್ನು ಜೆನ್ 3ಕ್ಕೆ (ಪಿಸಿಐಇ 3.0 ವೇಗಕ್ಕೆ) ಇಳಿಸಿ.

ಇನ್ನೆರಡು ಸಂಗತಿಗಳು ಬಹಳ ಸಲ ಕಣ್ತಪ್ಪುತ್ತವೆ. ಸಿಮೋಸ್ ಕ್ಲಿಯರ್ ಮಾಡಿದ್ದರೆ ರ‍್ಯಾಮಿನ ಎಕ್ಸ್‌ಎಂಪಿ (ಹೆಚ್ಚಿನ ವೇಗದ) ಸೆಟ್ಟಿಂಗೂ ಅಳಿದಿರುತ್ತದೆ, 3200ರ ರ‍್ಯಾಮ್ 2133 ಅಥವಾ 2400ರಲ್ಲಿ ಓಡುತ್ತಿರುತ್ತದೆ. ಹೊಸ ಡ್ರೈವರ್ ಬಂದಮೇಲೆ 144 ಹರ್ಟ್ಸ್ ಮಾನಿಟರ್ 60ಕ್ಕೆ ಇಳಿದಿರುವುದುಂಟು. ಎರಡೂ ಸರಿಯಿದ್ದು ಕಾರ್ಡಿನ ಬಳಕೆ 60 ಶೇಕಡಾದಲ್ಲೇ ನಿಂತಿದ್ದರೆ ಗೇಮಿನ ರೆಸಲ್ಯೂಶನ್ ಏರಿಸಿ. ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಕೆಳಗಿಳಿಯದಿದ್ದರೆ ಅಡ್ಡಿಯಾಗಿರುವುದು ಪ್ರೊಸೆಸರು.

ಇಷ್ಟೆಲ್ಲ ನೋಡಿಯೂ ತೊಂದರೆ ಉಳಿದರೆ ಹಳೆಯ ಕಾರ್ಡ್ ಹಾಕಿ ಒಂದು ದಿನ ಓಡಿಸಿ, ಹೊಸದನ್ನು ಒಳ್ಳೆಯ ಎಸ್‌ಎಂಪಿಎಸ್ ಇರುವ ಬೇರೆ ಮಷೀನಿನಲ್ಲಿ ಅದೇ ಗೇಮಿನೊಂದಿಗೆ ಓಡಿಸಿ. ಅಲ್ಲೂ ಅದೇ ರೀತಿ ಕೈಕೊಟ್ಟರೆ ಕಾರ್ಡಿನ ದೋಷ ಖಚಿತ. ಸರ್ವಿಸ್ ಸೆಂಟರಿಗೆ ಒಯ್ಯುವಾಗ ಸೀರಿಯಲ್ ನಂಬರಿನ ಸ್ಟಿಕ್ಕರ್, ಕನೆಕ್ಟರ್ ಮತ್ತು ಸ್ಲಾಟಿನ ಅಂಚಿನ ಫೋಟೋ ತೆಗೆದಿಟ್ಟುಕೊಳ್ಳಿ. ‘ಸರಿಯಿಲ್ಲ’ ಎನ್ನುವ ಬದಲು ‘ಎರಡು ಮಷೀನಿನಲ್ಲಿ ಪರೀಕ್ಷಿಸಿದೆ, ಲೋಡ್ ಬಂದ ಹತ್ತು ನಿಮಿಷಕ್ಕೆ ಪರದೆ ಕಪ್ಪಾಗುತ್ತದೆ, 4101 ದಾಖಲಾಗಿದೆ’ ಎಂದು ಬರೆದುಕೊಡಿ. ಐದು ನಿಮಿಷ ಡೆಸ್ಕ್‌ಟಾಪ್ ತೋರಿಸಿ ‘ಸರಿಯಾಗಿದೆ’ ಎಂದು ಹಿಂದಿರುಗಿಸುವುದು ಆಗ ಅವರಿಗೆ ಕಷ್ಟ. ಹೀಟ್‌ಸಿಂಕ್ ಸ್ಕ್ರೂ ಮೇಲಿನ ವಾರಂಟಿ ಸ್ಟಿಕ್ಕರನ್ನು ಮಾತ್ರ ಅಲ್ಲಿಯವರೆಗೆ ಮುಟ್ಟಬೇಡಿ.